ಅನುಭವ ಇರುವ ಹುಡುಗಿ

ಮೊದಲೇ ಹೇಳಿಬಿಡ್ತೀನಿ, ನಾನು ಫೋನಿನ ಕಥೆ ಹೇಳಲ್ಲ. ಮನೇಲಿ ಫೋನಿರಲಿಲ್ಲ, ಇದ್ದರೆ ಸಿಗ್ನಲ್ ಇರಲಿಲ್ಲ, ಪಾಪ ಮಕ್ಕಳು ಮಾಡು ಹತ್ತಿ ಪಾಠ ಕೇಳಿದರು. ಆ ಕಥೆ ಎಲ್ಲರೂ ಹೇಳಿಯಾಗಿದೆ. ಕೇಳಿದವರು ಎರಡು ಹನಿ ಕಣ್ಣೀರು ಹಾಕಿ, ಮಗ್ಗುಲು ಬದಲಿಸಿ ಮಲಗಿದ್ದೂ ಆಗಿದೆ. ನನ್ನದು ಬೇರೆ. ಕೊರೊನಾ ಬಂದಾಗ ನಾನು ಸ್ಕೂಲು ಬಿಡಲಿಲ್ಲ. ಊರಿನ ಮಕ್ಕಳೆಲ್ಲ ಮನೆಯೊಳಗೆ ಕೂತಿದ್ದಾಗ ದಿನಾ ಬೆಳಗ್ಗೆ ಸ್ಕೂಲಿಗೆ ಹೋದವಳು ನಾನೊಬ್ಬಳೇ. ಹಾಗೆ ಹೋಗಿದ್ದಕ್ಕೇ ನನ್ನನ್ನು ಸೈನ್ಸ್ ಕ್ಲಾಸಿನಿಂದ ಹೊರಗೆ ಹಾಕಿದರು.

ಕ್ಲಾಸಲ್ಲಿ ನನಗೆ ಕಡ್ಡಿ ಅಂತ ಹೆಸರು. ಮೈ ಕಡ್ಡಿ ಹಾಗಿದೆ ಅಂತಲೂ ಹೌದು, ಕಡ್ಡಿ ಮುರಿದ ಹಾಗೆ ಮಾತಾಡ್ತೀನಿ ಅಂತಲೂ ಹೌದು. ನನ್ನ ಪಕ್ಕ ಕೂರುತ್ತಿದ್ದವಳು ಔಷಧಿ ಅಂಗಡಿಯವರ ಮಗಳು. ಅವಳನ್ನು ಗುಂಡು ಅಂತಿದ್ದರು. ಕಡ್ಡಿ, ಗುಂಡು ಅಂದರೆ ಸ್ಕೂಲಿಗೆಲ್ಲ ಒಂದೇ ಉಸಿರಿನ ಹೆಸರು.

ಅಮ್ಮ ಅದೇ ಸ್ಕೂಲಿನಲ್ಲಿ ಕೆಲಸಕ್ಕಿದ್ದಳು. ಗುಡಿಸೋದು, ಒರೆಸೋದು, ಕಕ್ಕಸು ತೊಳೆಯೋದು. ಅಜ್ಜಿ ಬೀದಿ ಗುಡಿಸಿದವಳು. ಗುಡಿಸಿ ಗುಡಿಸಿ ಬಾಗಿದ ಸೊಂಟ ಮತ್ತೆ ನೆಟ್ಟಗಾಗಲಿಲ್ಲ, ಬಾಗಿಕೊಂಡೇ ಸತ್ತಳು. "ಪೊರಕೆ ನನ್ನ ಕೈಗೇ ಕೊನೆ. ನೀನು ಮುಟ್ಟಿದ್ರೆ ಕೈ ಮುರೀತೀನಿ," ಅಂತ ಅಮ್ಮ ಹೇಳ್ತಿದ್ದಳು. ಬಾಯಿಮಾತಿಗಲ್ಲ. ಮನೆಯಲ್ಲೂ ನನಗೆ ಕಸ ಗುಡಿಸೋಕೆ ಬಿಡ್ತಿರಲಿಲ್ಲ. ಬೇರೆ ಹುಡುಗಿಯರಿಗೆ ಗುಡಿಸಲಿಲ್ಲ ಅಂತ ಬೈಗುಳ, ನನಗೆ ಗುಡಿಸಿದೆ ಅಂತ ಬೈಗುಳ.

ಹತ್ತನೇ ಕ್ಲಾಸು ಮುಗಿಸಿದರೆ ಹನ್ನೊಂದರಲ್ಲಿ ಸೈನ್ಸ್ ಸೆಕ್ಷನ್. ಅಲ್ಲಿಗೆ ಸೇರಿದರೆ ನರ್ಸ್ ಆಗಬಹುದು, ರಕ್ತ ಪರೀಕ್ಷೆ ಮಾಡೋ ಲ್ಯಾಬಿಗೆ ಹೋಗಬಹುದು, ಅದೃಷ್ಟ ಇದ್ದರೆ ಅದಕ್ಕೂ ಮೇಲೆ. ನಮ್ಮ ಬೀದಿಯಿಂದ ಯಾರೂ ಆ ಸೆಕ್ಷನ್‌ನ ಹೊಸ್ತಿಲು ದಾಟಿರಲಿಲ್ಲ. ನಾನು ದಾಟ್ತೀನಿ ಅಂತ ಸೈನ್ಸ್ ಮೇಡಂ ಹೇಳಿದ್ದರು. ಬರೀ ಹೇಳಿದ್ದಲ್ಲ, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಹೇಳಿದ್ದರು. ಅಮ್ಮ ತಂದಿಟ್ಟ ಚಹಾ ಕುಡಿಯುತ್ತಿದ್ದ ಟೀಚರ್ ಅವರೊಬ್ಬರೇ. ಉಳಿದವರು "ಆಮೇಲೆ" ಅಂತ ಮೇಜಿನ ಮೇಲೇ ಆರಿಸಿ, ಅಮ್ಮ ಹೋದ ಮೇಲೆ ಬೇಸಿನ್ನಿಗೆ ಚೆಲ್ಲುತ್ತಿದ್ದರು. ಚೆಲ್ಲಿದ್ದು ಅಮ್ಮನಿಗೆ ಗೊತ್ತಾಗ್ತಿತ್ತು, ಬೇಸಿನ್ ತೊಳೆಯುವವಳೂ ಅವಳೇ ತಾನೆ. ಅದಕ್ಕೇ ಸೈನ್ಸ್ ಮೇಡಂ ಅಂದರೆ ಅಮ್ಮನಿಗೆ ಪ್ರಾಣ.

ನಾನು ಹತ್ತನೇ ಕ್ಲಾಸಿಗೆ ಕಾಲಿಟ್ಟೆ, ಕೊರೊನಾನೂ ಕಾಲಿಟ್ಟಿತು. ಸ್ಕೂಲಿಗೆ ಬೀಗ ಬಿತ್ತು. ಸ್ವಲ್ಪ ದಿನಕ್ಕೆ ಬೀಗ ತೆಗೆದರು, ಪಾಠಕ್ಕಲ್ಲ. ಬೆಂಚುಗಳನ್ನು ಅಂಗಳಕ್ಕೆ ಎಸೆದು ಒಳಗೆ ಮಂಚ ಹಾಕಿದರು. ಸ್ಕೂಲು ಆರೈಕೆ ಕೇಂದ್ರ ಆಯ್ತು. ಆಸ್ಪತ್ರೆಯಲ್ಲಿ ಜಾಗ ಸಿಗದವರನ್ನು ತಂದು ನಮ್ಮ ಕ್ಲಾಸುಗಳಲ್ಲಿ ಮಲಗಿಸಿದರು. ಸೈನ್ಸ್ ಮೇಡಂ ಅವರನ್ನೇ ಅದರ ಉಸ್ತುವಾರಿಗೆ ಹಾಕಿದರು. ಅಮ್ಮನ ಜೊತೆ ಕೆಲಸಕ್ಕಿದ್ದ ಹೆಂಗಸರು ಮೊದಲ ಹೆಣ ನೋಡಿದ ದಿನವೇ ಊರು ಬಿಟ್ಟರು. ಅಮ್ಮ ಒಬ್ಬಳೇ ಉಳಿದಳು.

ಆಗ ಮೇಡಂ ನಮ್ಮ ಮನೆಗೆ ಬಂದರು. ಟೀಚರ್ ಅನ್ನಿಸಿಕೊಂಡವರು ನಮ್ಮ ಬೀದಿಗೆ ಬಂದಿದ್ದು ಅದೇ ಮೊದಲು. ಬಾಗಿಲಲ್ಲೇ ನಿಂತರು, ಮುಖಕ್ಕೆ ಎರಡು ಮಾಸ್ಕು.

"ಒಬ್ಬಳ ಕೈಲಿ ಆಗಲ್ಲ ಕಣೆ. ಕಡ್ಡೀನೂ ಕರ್ಕೊಂಡು ಬಾ," ಅಂದರು ಅಮ್ಮನಿಗೆ.

"ಅವಳನ್ನ ಕೆಲಸಕ್ಕೆ ಹಚ್ಚಲ್ಲ ಮೇಡಂ. ಓದೋ ಮಗು."

"ಓದಿಸೋಳು ನಾನಲ್ವಾ? ಮನೇಲಿದ್ರೆ ಏನು ಓದ್ತಾಳೆ? ಆನ್‌ಲೈನ್ ಕ್ಲಾಸಿಗೆ ನಿಮ್ಮ ಹತ್ರ ಏನಿದೆ? ಅಲ್ಲಿಗೆ ಬಂದ್ರೆ ಸಂಜೆ ಸಂಜೆ ನಾನೇ ಪಾಠ ಹೇಳ್ಕೊಡ್ತೀನಿ. ಸೈನ್ಸ್ ಸೀಟು ನನ್ನ ಜವಾಬ್ದಾರಿ. ನನ್ನ ಮಾತು ಅಂದ್ರೆ ಮಾತು."

ಅಮ್ಮ ನನ್ನ ಮುಖ ನೋಡಿದಳು. ನಾನು ಆಗಲೇ ಚಪ್ಪಲಿ ಹಾಕ್ಕೊಂಡಿದ್ದೆ.

ಕೆಲಸ ಏನು ಅಂತ ಹೇಳ್ತೀನಿ, ಕೇಳಿ. ಬೆಳಗ್ಗೆ ಪ್ಲಾಸ್ಟಿಕ್ ಕೋಟು ಹಾಕಿ ದಾರ ಬಿಗಿದರೆ ಮಧ್ಯಾಹ್ನದವರೆಗೆ ಬಿಚ್ಚೋ ಹಾಗಿಲ್ಲ. ಬೆವರು ಕಾಲಿಗಿಳಿದು ಬೂಟಿನೊಳಗೆ ಪಚಪಚ ಅನ್ನುತ್ತೆ. ಮಲದ ಪಾತ್ರೆ ಎತ್ತಬೇಕು, ವಾಂತಿ ಬಾಚಬೇಕು, ಹಾಸಿಗೆ ಬಟ್ಟೆ ಒಳಮುಖವಾಗಿ ಸುತ್ತಿ ಡ್ರಮ್ಮಿಗೆ ಹಾಕಬೇಕು, ಬ್ಲೀಚಿನಲ್ಲಿ ನೆನೆಸಿ ತುಳಿಯಬೇಕು. ಕೈಗವಸು ತೂತಾದರೆ ಇನ್ನೊಂದು ಕೊಡೋರಿಲ್ಲ. ನನ್ನ ಬೆರಳ ತುದಿ ಸಿಪ್ಪೆ ಸುಲಿದು ಕೆಂಪಗಾಗಿ, ಊಟಕ್ಕೆ ಕೂತರೆ ಉಪ್ಪು ತಾಗಿ ಜೀವ ಹೋಗ್ತಿತ್ತು. ಅಮ್ಮ ತುತ್ತು ಮಾಡಿ ಬಾಯಿಗಿಡ್ತಿದ್ದಳು. ಅವಳ ಬೆರಳೂ ಹಾಗೇ ಇತ್ತು, ಅವಳಿಗೆ ಅಭ್ಯಾಸ ಅಷ್ಟೆ.

ನಮ್ಮ ಹತ್ತನೇ ಕ್ಲಾಸಿನ ರೂಮಿನಲ್ಲಿ ಕರಿಹಲಗೆ ಕೆಳಗಿನ ಮಂಚದಲ್ಲಿ ಒಬ್ಬ ಹೆಂಗಸು ಇದ್ದಳು. ಬಟ್ಟೆ ಹೊಲಿಯೋ ಕೆಲಸದವಳಂತೆ. ನನ್ನನ್ನು "ಏ ಡಾಕ್ಟ್ರೇ" ಅಂತ ಕರೀತಿದ್ದಳು. "ಡಾಕ್ಟ್ರಲ್ಲ ಅಕ್ಕ, ನಾನು ಇದೇ ಕ್ಲಾಸಿನ ಹುಡುಗಿ," ಅಂದರೆ, "ಮತ್ತೆ ಪುಸ್ತಕ ಎಲ್ಲೇ?" ಅಂತ ಉಸಿರಿಲ್ಲದೆ ನಗ್ತಿದ್ದಳು. ಒಂದು ಮಧ್ಯಾಹ್ನ ನೀರು ಕೇಳಿದಳು. ನೀರು ತರೋದರೊಳಗೆ ಹೋಗಿಬಿಟ್ಟಿದ್ದಳು. ಮಂಚ ತೊಳೆದವಳು ನಾನು. ಅಳ್ತಾ ತೊಳೆದೆ, ಮುಖದ ಗಾಜಿಗೆ ಆವಿ ಹತ್ತಿ ಏನೂ ಕಾಣ್ತಿರಲಿಲ್ಲ.

ಸಂಜೆ ಪಾಠ ಏನಾಯ್ತು ಅಂತೀರಾ? ಮೊದಮೊದಲು ಆಯ್ತು. ಮೇಡಂ ವರಾಂಡದ ಆ ತುದಿ, ನಾನು ಈ ತುದಿ. ಅವರು ಕೂಗೋದು, ನಾನು ಕೇಳೋದು. ಮಧ್ಯದಲ್ಲಿ ಯಾರಾದರೂ ಕೆಮ್ಮಿದರೆ ಅರ್ಧ ವಾಕ್ಯ ಹೋಯ್ತು. ಆಮೇಲೆ ಮೇಡಂಗೆ ಆನ್‌ಲೈನ್ ಕ್ಲಾಸ್ ಶುರುವಾಯ್ತು. ಸ್ಕೂಲಿನ ಲ್ಯಾಬಿನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಮಾಡ್ತಿದ್ದರು. ಅಲ್ಲಿ ರೋಗಿಗಳಿಲ್ಲ, ನೆಟ್ ಚೆನ್ನಾಗಿದೆ, ಗದ್ದಲ ಇಲ್ಲ. ಕ್ಲಾಸಿಗೆ ಮುಂಚೆ ಲ್ಯಾಬ್ ಒರೆಸಿ ಕೊಡೋದು ನನ್ನ ಕೆಲಸ. ಒರೆಸಿ ಹೊರಗೆ ಬಂದ ಮೇಲೆ ಒಳಗೆ ನನ್ನದೇ ಕ್ಲಾಸಿನ ಪಾಠ. ಗುಂಡುವಿನ ದನಿ ಲ್ಯಾಪ್‌ಟಾಪಿನಿಂದ ಕೇಳಿಸ್ತಿತ್ತು. "ಯೆಸ್ ಮೇಡಂ. ಅರ್ಥ ಆಯ್ತು ಮೇಡಂ."

ನಾನು ಬಾಗಿಲ ಹತ್ತಿರದ ನೆಲದಲ್ಲಿ ಒರೆಸಿದ್ದನ್ನೇ ಒರೆಸ್ತಾ ನಿಲ್ತಿದ್ದೆ. ಕಿವಿ ಒಳಗೆ, ಕೈ ಹೊರಗೆ. ಹೀಗೇ ಒಂದು ದಿನ ಬಗ್ಗಿ ಬೋರ್ಡ್ ನೋಡಿದೆ. ಪರದೆಯಲ್ಲಿ ನಾನು ಕಂಡೆನಂತೆ. ಪ್ಲಾಸ್ಟಿಕ್ ಕೋಟು, ಕೈಯಲ್ಲಿ ಒರೆಸೋ ಕೋಲು. ಯಾರದೋ ಮನೆಯಿಂದ ಹೆಡ್ ಮೇಷ್ಟ್ರಿಗೆ ಫೋನ್ ಹೋಯ್ತು, ನಮ್ಮ ಮಕ್ಕಳ ಪಾಠದಲ್ಲಿ ಆ ವಾರ್ಡಿನವರು ಯಾಕೆ ಕಾಣಿಸ್ತಾರೆ ಅಂತ. ಕಂಪ್ಯೂಟರಿನಿಂದ ರೋಗ ಹರಡುತ್ತೆ ಅಂದುಕೊಂಡರೋ ಏನೋ, ಬುದ್ಧಿವಂತರು!

ಮಾರನೆ ದಿನದಿಂದ ಮೇಡಂ ಬಾಗಿಲು ಹಾಕ್ಕೊಂಡರು. "ಬೇಜಾರು ಮಾಡ್ಕೋಬೇಡ ಕಡ್ಡಿ. ಎಲ್ಲಾ ಮುಗೀಲಿ, ನಿನಗೇ ಬೇರೆ ಕೂರಿಸಿ ಹೇಳ್ಕೊಡ್ತೀನಿ," ಅಂದರು. ಮೂಗಿಗೆ ತುಪ್ಪ ಸವರೋದು ಅಂದರೆ ಇದೇ. ಆಗ ಗೊತ್ತಾಗಲಿಲ್ಲ. ಆ ತುಪ್ಪದ ವಾಸನೆ ಹಿಡ್ಕೊಂಡೇ ಅಷ್ಟು ತಿಂಗಳು ಮಲ ಎತ್ತಿದೆ.

ಒಂದೇ ಒಂದು ಪಾಠ ನನಗೆ ಪೂರ್ತಿ ಸಿಕ್ಕಿತು. ಕಕ್ಕಸಿನ ಕಲೆ ಹೋಗಲಿಲ್ಲ ಅಂತ ನಾನು ಬ್ಲೀಚಿನ ಮೇಲೆ ಆಸಿಡ್ ಸುರಿದೆ. ಉಸಿರು ಕಟ್ಟಿ ಎದೆ ಉರಿದು ನೆಲಕ್ಕೆ ಬಿದ್ದೆ. ಅಮ್ಮ ಎಳ್ಕೊಂಡು ಬಂದು ಅಂಗಳದಲ್ಲಿ ಮಲಗಿಸಿದಳು. ಮೇಡಂ ದೂರ ನಿಂತು ಹೇಳಿದರು, "ಎರಡೂ ಸೇರಿದ್ರೆ ಕ್ಲೋರಿನ್ ಅನಿಲ ಬರುತ್ತೆ ಹುಚ್ಚಿ, ಶ್ವಾಸಕೋಶ ಸುಡುತ್ತೆ." ಯಾಕೆ ಬರುತ್ತೆ, ಹೇಗೆ ಬರುತ್ತೆ ಅಂತ ಕೇಳಿದೆ. ಹೇಳಿದರು. ಕೆಮ್ಮಿಕೊಂಡೇ ಕೇಳಿದೆ, ಒಂದಕ್ಷರ ಮರೆಯಲಿಲ್ಲ.

ಕೊರೊನಾ ಇಳೀತು. ಮಂಚ ಹೋದವು. ಸ್ಕೂಲು ಪೂರ್ತಿ, ಮಾಡಿನ ಜೇಡರಬಲೆಯಿಂದ ಚರಂಡಿಯವರೆಗೆ ಅಮ್ಮ ನಾನು ಉಜ್ಜಿ ತೊಳೆದೆವು. ಪರೀಕ್ಷೆ ಇಲ್ಲದೆ ಹತ್ತನೇ ಕ್ಲಾಸಿನವರೆಲ್ಲ ಪಾಸು ಅಂದರು. ಸ್ಕೂಲು ತೆರೆದ ದಿನ ಸಭೆ ಮಾಡಿದರು. ನಮ್ಮಿಬ್ಬರನ್ನೂ ವೇದಿಕೆ ಹತ್ತಿಸಿ "ಯೋಧರು" ಅಂದರು. ಹೆಡ್ ಮೇಷ್ಟ್ರು ಚಪ್ಪಾಳೆ ಹೊಡೆಸಿದರು, ಚೆನ್ನಾಗಿಯೇ ಹೊಡೆದರು. ಕೆಳಗಿಳಿದು ಗುಂಡು ಪಕ್ಕ ಕೂರೋಕೆ ಹೋದರೆ ಅವಳು ಚೀಲ ಎತ್ತಿ ನಡುವೆ ಇಟ್ಟಳು.

"ಅಮ್ಮ ಹೇಳಿದಾರೆ ಕಡ್ಡಿ, ಸ್ವಲ್ಪ ದಿನ ದೂರ ಕೂತ್ಕೋ ಅಂತ."

"ಯಾಕೆ, ಯೋಧರ ಜೊತೆ ಕೂತ್ರೆ ಯುದ್ಧ ಅಂಟ್ಕೊಳ್ಳುತ್ತಾ?" ಅಂದೆ. ಅವಳು ಅತ್ತಳು. ನಾನು ಅಳಲಿಲ್ಲ, ಮೈ ಉರೀತಿತ್ತು.

ಪರೀಕ್ಷೆ ಆಗಿರಲಿಲ್ಲವಲ್ಲ, ಹನ್ನೊಂದಕ್ಕೆ ಯಾರು ಯಾವ ಸೆಕ್ಷನ್ ಅಂತ ತೀರ್ಮಾನಿಸೋಕೆ ಸಂದರ್ಶನ ಇಟ್ಟರು. ಮೇಜಿನ ಆಚೆ ಹೆಡ್ ಮೇಷ್ಟ್ರು, ಸೈನ್ಸ್ ಮೇಡಂ, ಹೊರಗಿನಿಂದ ಬಂದ ಒಬ್ಬ ಸಲಹೆಗಾರ. ಎಲ್ಲರಿಗೂ ಒಂದೇ ಪ್ರಶ್ನೆ. ಸ್ಕೂಲು ಮುಚ್ಚಿದ್ದಾಗ ಏನು ಕಲಿತೆ? ಗುಂಡು ಒಳಗೆ ಹೋಗಿ ಬಂದಳು. ಅವಳಪ್ಪ ಮನೆಗೆ ಸೂಕ್ಷ್ಮದರ್ಶಕ ತರಿಸಿಕೊಟ್ಟಿದ್ದರಂತೆ, ಈರುಳ್ಳಿ ಸಿಪ್ಪೆ ನೋಡಿದೆ ಅಂತ ಹೇಳಿದಳಂತೆ.

ನನ್ನ ಸರದಿ ಬಂತು. ಏನು ಕಲಿತೆ ಅಂತ ಕೇಳಿದರು. ಎದೆ ತುಂಬಿ ಬಂತು ನೋಡಿ, ಕೊನೆಗೂ ಒಬ್ಬರು ಕೇಳಿದರಲ್ಲಾ ಅಂತ. ಎಲ್ಲಾ ಹೇಳಿದೆ. ಎಷ್ಟು ನೀರಿಗೆ ಎಷ್ಟು ಬ್ಲೀಚು, ನೆಲಕ್ಕೆ ಎಷ್ಟು, ಬಟ್ಟೆಗೆ ಎಷ್ಟು. ಹಾಸಿಗೆ ಯಾಕೆ ಒಳಮುಖವಾಗಿ ಸುತ್ತಬೇಕು. ರೋಗಿಯ ಉಸಿರು ಹೇಗಿದ್ದರೆ ಓಡಿಹೋಗಿ ನರ್ಸನ್ನು ಕರೀಬೇಕು. ಆಸಿಡ್ಡೂ ಬ್ಲೀಚೂ ಸೇರಿದರೆ ಯಾವ ಅನಿಲ, ಯಾಕೆ, ಎದೆಗೆ ಏನು ಮಾಡುತ್ತೆ. ನಾನು ಅಂದ್ಕೊಂಡೆ, ಇದು ಸೈನ್ಸ್ ಅಲ್ಲದೆ ಇನ್ನೇನು? ಗುಂಡು ಈರುಳ್ಳಿ ಸಿಪ್ಪೆ ನೋಡಿದರೆ ನಾನು ಮನುಷ್ಯರನ್ನು ನೋಡಿದೀನಿ.

ಸಲಹೆಗಾರ ಕುರ್ಚಿಯಿಂದ ಮುಂದೆ ಬಂದು ಕೂತ. "ವಂಡರ್‌ಫುಲ್! ಎಷ್ಟೊಂದು ಪ್ರಾಕ್ಟಿಕಲ್ ಅನುಭವ ಇದೆ ಈ ಹುಡುಗಿಗೆ!" ಅಂದ. ಹೆಡ್ ಮೇಷ್ಟ್ರು ತಲೆಯಾಡಿಸಿದರು. ಮೇಡಂ ನನ್ನ ನೋಡಿ ನಕ್ಕರು. ಗೆದ್ದೆ ಅಂತ ಓಡಿಬಂದು ಅಮ್ಮನಿಗೆ ಹೇಳಿದೆ. ಅಮ್ಮ ಬಕೆಟ್ ಕೆಳಗಿಟ್ಟು, ಒದ್ದೆ ಕೈಲೇ ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು.

ಸೆಕ್ಷನ್ ಹೇಳಿದ ದಿನ ಗುಂಡು ಸೈನ್ಸ್. ನಾನು ಕೌಶಲ ಸೆಕ್ಷನ್. ಹೊಸದಾಗಿ ಶುರುಮಾಡಿದ್ದಂತೆ, "ನೈರ್ಮಲ್ಯ ಮತ್ತು ಹೌಸ್‌ಕೀಪಿಂಗ್ ಕೌಶಲ". ಒಳಗೆ ಹೋಗಿ ನೋಡಿದರೆ ವಾಚ್‌ಮನ್ ಮಗ, ಗುಜರಿಯವನ ಮಗಳು, ಮನೆಗೆಲಸದ ಅಕ್ಕಂದಿರ ಮಕ್ಕಳು. ಎಲ್ಲಾ ಗೊತ್ತಿದ್ದ ಮುಖಗಳೇ. ಕೊರೊನಾದಲ್ಲಿ ಅಪ್ಪ ಅಮ್ಮನ ಜೊತೆ ದುಡಿದವರು, ಪಾಠ ತಪ್ಪಿದವರು. ನಮ್ಮ ಬೀದಿಯನ್ನೇ ಎತ್ತಿ ತಂದು ಬೆಂಚಿನ ಮೇಲೆ ಕೂರಿಸಿದ್ದರು.

ಓಡಿದೆ ಮೇಡಂ ಹತ್ತಿರ. ಲ್ಯಾಬಿನಲ್ಲಿ ಒಬ್ಬರೇ ಇದ್ದರು.

"ತಪ್ಪಾಗಿದೆ ಮೇಡಂ. ನನ್ನ ಹೆಸರು ಬೇರೆ ಕಡೆ ಹೋಗಿದೆ."

"ತಪ್ಪಲ್ಲ ಕಡ್ಡಿ. ಬಾ, ಕೂತ್ಕೋ. ಯೋಚನೆ ಮಾಡೇ ಮಾಡಿದ್ದು. ಸೈನ್ಸಿಗೆ ಬಂದ್ರೆ ನೀನು ಹಿಂದೆ ಬೀಳ್ತೀಯಾ. ಒಂದು ವರ್ಷದ ಪಾಠಾನೇ ತಪ್ಪಿದೆ ನಿನಗೆ."

"ಯಾಕೆ ತಪ್ಪಿತು ಮೇಡಂ?"

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸ್ತಾನೇ ಇದ್ದರು.

"ನೋಡು, ನಿನಗೆ ಆ ಕೆಲಸದ ಅನುಭವ ಇದೆ. ಅದು ಯಾಕೆ ಹಾಳಾಗ್ಬೇಕು? ನಾನೇ ಶಿಫಾರಸು ಮಾಡ್ದೆ. ಎರಡು ವರ್ಷ ಆದ್ಮೇಲೆ ಯಾವುದಾದ್ರೂ ಆಸ್ಪತ್ರೆಯಲ್ಲಿ ಕೆಲಸ ಗ್ಯಾರಂಟಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನಾನೇ ಶಿಫಾರಸು ಮಾಡ್ದೆ. ಇದನ್ನ ಅವರು ಉಪಕಾರ ಮಾಡಿದ ಹಾಗೆ ಹೇಳಿದರು. ಬೇರೆ ಯಾರಾದರೂ ಹಾಕಿದ್ದರೆ ಬೈದು ಸುಮ್ಮನಾಗ್ತಿದ್ದೆ. ಚಹಾ ಚೆಲ್ಲುವವರಿಂದ ನಾನು ಏನನ್ನೂ ಬಯಸಿರಲಿಲ್ಲ. ಕುಡಿದವರೇ ಕತ್ತು ಕೊಯ್ದರು. ಆ ನಗು ಇತ್ತಲ್ಲ ಸಂದರ್ಶನದಲ್ಲಿ, ಅದು ಗೆದ್ದಳು ಅನ್ನೋ ನಗುವಲ್ಲ, ಸದ್ಯ ಇವಳೇ ದಾರಿ ಮಾಡಿಕೊಟ್ಟಳು ಅನ್ನೋ ನಗು.

ಮನೆಗೆ ಹೋಗಿ ಹೇಳಿದೆ. ಅಮ್ಮ, "ಮೇಡಂ ಹಾಗೆ ಮಾಡೋರಲ್ಲ. ಏನೋ ಇರುತ್ತೆ," ಅಂದಳು.

"ಏನಿರುತ್ತೆ? ಹೊಳೆ ದಾಟಿದ್ಮೇಲೆ ಅಂಬಿಗನ ಹಂಗೇನು ಅಂತ ಇರುತ್ತೆ."

"ಬಾಯಿ ಮುಚ್ಚು. ಸದ್ಯ ಹೋಗು. ನನಗೆ ಅಲ್ಲಿ ಕೆಲಸ ಇದೆ, ನೆನಪಿಟ್ಕೋ. ನೀನು ರಂಪ ಮಾಡಿದ್ರೆ ಇಬ್ಬರೂ ಬೀದಿಗೆ."

ಅಮ್ಮನ ಕೆಲಸಕ್ಕಾಗಿ ಹೋದೆ. ಕೌಶಲದ ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟಿನವರು. ಪುಸ್ತಕ ನೋಡಿ ಓದಿದರು, "ಒರೆಸುವ ಕೋಲನ್ನು ಹಿಡಿಯುವ ಸರಿಯಾದ ಭಂಗಿ." ಹಿಂದಿನಿಂದ ಗುಜರಿಯವನ ಮಗಳು ಪಿಸುಗುಟ್ಟಿದಳು, "ಮೀನಿಗೆ ಈಜು ಕಲಿಸೋಕೆ ಬಂದ." ಎಲ್ಲರೂ ನಕ್ಕೆವು. ಆ ನಗು ಬಹಳ ದಿನ ಉಳೀಲಿಲ್ಲ, ಪ್ರಾಕ್ಟಿಕಲ್ ಶುರುವಾಯ್ತು. ಪ್ರಾಕ್ಟಿಕಲ್ ಅಂದರೆ ಸ್ಕೂಲು ತೊಳೆಯೋದು. ಸೋಮವಾರ ವರಾಂಡ, ಮಂಗಳವಾರ ಕಕ್ಕಸು, ಬುಧವಾರ ಲ್ಯಾಬು. ನಾವು ಕಕ್ಕಸು ತೊಳೀತಿದ್ದರೆ ಸೈನ್ಸ್ ಸೆಕ್ಷನ್‌ನವರು ಮೂಗು ಮುಚ್ಚಿಕೊಂಡು, "ಬೇಗ ಮುಗಿಸ್ರೋ, ಅರ್ಜೆಂಟು," ಅಂತ ಬಾಗಿಲು ಬಡೀತಿದ್ದರು. ಹೋದ ವರ್ಷ ಒಂದೇ ಬೆಂಚಿನಲ್ಲಿ ಕೂತವರು.

ಒಂದು ಬುಧವಾರ ಸ್ಕೂಲಿಗೆ ಹೋಗೋ ಹೊತ್ತಿಗೆ ಅಮ್ಮ ಗೇಟಿನ ಹೊರಗೆ ನಿಂತಿದ್ದಳು. ಕೈಯಲ್ಲಿ ಊಟದ ಡಬ್ಬಿ.

"ಯಾಕಮ್ಮಾ ಇಲ್ಲಿ?"

"ನಾಳೆಯಿಂದ ಬರ್ಬೇಡ ಅಂದ್ರು. ನಾಳೆಯಿಂದ ಯಾಕೆ, ಇವತ್ತೇ ಹೋಗ್ತೀನಿ ಅಂದೆ."

"ಯಾಕಂತೆ?"

ಅಮ್ಮ ನನ್ನ ಮುಖ ನೋಡಲಿಲ್ಲ. "ಕೌಶಲದ ಮಕ್ಕಳೇ ಎಲ್ಲಾ ಮಾಡ್ತಾರಲ್ಲ, ಇನ್ನು ಆಳು ಯಾಕೆ ಅಂದ್ರು ಹೆಡ್ ಮೇಷ್ಟ್ರು."

ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗಾಯ್ತು. ನನ್ನ ಪಾಠ ಕಸಿದು ಕೈಗೆ ಕೋಲು ಕೊಟ್ಟರು. ಆ ಕೋಲು ತೋರಿಸಿ ಅಮ್ಮನ ಅನ್ನ ಕಸಿದರು. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಇವರು ಉಂಡರು, ಕೊಂಡರು, ಪಾತ್ರೆಯನ್ನೂ ನಮ್ಮ ಕೈಲೇ ತೊಳೆಸಿದರು. ಅಮ್ಮನ ಕೆಲಸಕ್ಕೋಸ್ಕರ ತಾನೆ ನಾನು ಬಾಯಿಗೆ ಬೀಗ ಹಾಕಿದ್ದು? ಇನ್ನು ಯಾರಿಗೋಸ್ಕರ?

"ಮನೆಗೆ ಹೋಗಮ್ಮ," ಅಂದೆ. ಹೋಗಲಿಲ್ಲ. ಗೇಟಿನ ಕಟ್ಟೆ ಮೇಲೆ ಕೂತಳು. ಎಲ್ಲಿಗೆ ಹೋಗಬೇಕು ಅಂತ ಅವಳಿಗೂ ಗೊತ್ತಿರಲಿಲ್ಲ.

ಒಳಗೆ ಹೋದೆ. ನನ್ನನ್ನು ಲ್ಯಾಬಿಗೆ ಕರೆಸಿದರು. ಸೈನ್ಸ್ ಸೆಕ್ಷನ್‌ನ ಪ್ರಯೋಗದ ಪೀರಿಯಡ್ಡು. ಗುಂಡುವಿನ ಕೈ ಜಾರಿ ದೊಡ್ಡ ಗಾಜಿನ ಜಾಡಿ ಒಡೆದಿತ್ತು. ನೆಲದ ತುಂಬ ನೀಲಿ ನೀರು, ಗಾಜಿನ ಚೂರು. ಗುಂಡು ಬಟ್ಟೆ ಹುಡುಕ್ತಿದ್ದಳು.

"ನಾನೇ ಒರೆಸ್ತೀನಿ ಮೇಡಂ."

"ನೀನು ಕೂತ್ಕೋ. ಗಾಜು ಚುಚ್ಚುತ್ತೆ," ಅಂದರು ಮೇಡಂ. ನನ್ನ ಕಡೆ ತಿರುಗಿದರು. "ಬಾ ಕಡ್ಡಿ. ಬೇಗ ಒರೆಸು."

ಗಾಜು ನನಗೂ ಚುಚ್ಚುತ್ತೆ ಅಂತ ಅವರಿಗೆ ಹೊಳೀಲೇ ಇಲ್ಲ. ಕೆಟ್ಟತನದಿಂದಲ್ಲ, ನಿಜವಾಗ್ಲೂ ಹೊಳೀಲಿಲ್ಲ. ಅದೇ ನನಗೆ ತಡೆಯೋಕಾಗಲಿಲ್ಲ.

"ಚೆಲ್ಲಿದವರು ಒರೆಸ್ಲಿ," ಅಂದೆ.

"ಏನಂದೆ?"

"ನಾನು ಒರೆಸಲ್ಲ."

"ಇದು ನಿನ್ನ ಪ್ರಾಕ್ಟಿಕಲ್ ಅಲ್ವೇನೇ?"

"ನನ್ನ ಪ್ರಾಕ್ಟಿಕಲ್ ಮುಗೀತು. ಅಷ್ಟು ತಿಂಗಳು ಈ ಸ್ಕೂಲಲ್ಲಿ ಮಾಡಿದ್ದೇ ಅದು. ಇನ್ನು ನನಗೆ ಪಾಠ ಬಾಕಿ ಇದೆ."

ಕೋಲನ್ನು ಗೋಡೆಗೆ ಒರಗಿಸಿದೆ. ಮುಂದಿನ ಸಾಲಿನಲ್ಲಿ ಒಂದು ಸ್ಟೂಲು ಖಾಲಿ ಇತ್ತು. ಹೋಗಿ ಕೂತೆ. ಮೇಡಂ ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ "ನನ್ನ ಮರ್ಯಾದೆ ಕಳೀಬೇಡ, ಎದ್ದೇಳಮ್ಮ," ಅಂದರು. ನಾನು ಕೂತೇ ಇದ್ದೆ. ಹೆಡ್ ಮೇಷ್ಟ್ರು ಬಂದರು. ಅವರು ಕೂಗಾಡಿದ್ದು ಬರೆಯೋಕೆ ಲಾಯಕ್ಕಿಲ್ಲ, ನಮ್ಮ ಅಜ್ಜಿಯ ತನಕ ಹೋದರು. ಕೊನೆಗೆ ವಾಚ್‌ಮನ್‌ನ ಕಳಿಸಿ ಗೇಟಿನಿಂದ ಅಮ್ಮನನ್ನು ಕರೆಸಿದರು.

ಅಮ್ಮ ಬಂದು ಬಾಗಿಲಲ್ಲಿ ನಿಂತಳು. ಹೆಡ್ ಮೇಷ್ಟ್ರು ದನಿ ಇಳಿಸಿದರು. ಬೆಣ್ಣೆಯಂಥ ಮಾತು.

"ನೋಡು, ನಿನ್ನ ಮಗಳನ್ನ ಎಬ್ಬಿಸ್ಕೊಂಡು ಹೋಗು. ಇದನ್ನ ನೀನೇ ಒರೆಸಿಬಿಡು. ನಾಳೆಯಿಂದ ಮೊದಲಿನ ಹಾಗೆ ಕೆಲಸಕ್ಕೆ ಬಾ. ಏನಂತೀಯಾ?"

ಅಮ್ಮ ಎಬ್ಬಿಸಿದರೆ ಏಳಲೇಬೇಕು. ಹೆಡ್ ಮೇಷ್ಟ್ರಿಗೆ ಎದುರಾಡಬಹುದು, ಸಿಪ್ಪೆ ಸುಲಿದ ಬೆರಳಲ್ಲಿ ತುತ್ತಿಟ್ಟವಳಿಗೆ ಹೇಗೆ ಎದುರಾಡಲಿ? ಮನೇಲಿ ನಾಳೆಗೆ ಏನಿದೆ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಅಮ್ಮ ಒಳಗೆ ಬಂದಳು. ಗೋಡೆಗೆ ಒರಗಿದ್ದ ಕೋಲನ್ನು ನೋಡಿದಳು. ಅದನ್ನು ದಾಟಿ ಮೇಡಂ ಹತ್ತಿರ ಹೋದಳು.

"ಮೇಡಂ, ಒಂದೇ ಮಾತು. ನೀವು ನಮ್ಮ ಮನೆ ಬಾಗಿಲಿಗೆ ಬಂದು, ಇವಳ ಸೈನ್ಸ್ ಸೀಟು ನನ್ನ ಜವಾಬ್ದಾರಿ ಅಂದ್ರಿ. ಅದಕ್ಕೇ ನಾನು ಇವಳನ್ನ ಕಳ್ಸಿದ್ದು. ಅಂದ್ರೋ ಇಲ್ವೋ? ಅಷ್ಟು ಹೇಳಿ ಸಾಕು. ಹೌದು ಅಂದ್ಬಿಡಿ, ನಾನೇ ಇವಳ ಕೈ ಹಿಡಿದು ಎಬ್ಬಿಸ್ಕೊಂಡು ಹೋಗ್ತೀನಿ."

ಮೇಡಂ ಮಕ್ಕಳನ್ನು ನೋಡಿದರು, ಹೆಡ್ ಮೇಷ್ಟ್ರನ್ನು ನೋಡಿದರು, ನೆಲದ ನೀಲಿ ನೀರು ನೋಡಿದರು.

"ನಾನು ಹಾಗೆ ಹೇಳಿದ ನೆನಪಿಲ್ಲ," ಅಂದರು.

ಅಮ್ಮನ ಮುಖ ಹೇಗಾಯ್ತು ಅಂತ ಹೇಳೋಕೆ ನನಗೆ ಬರಲ್ಲ. ಹೆಣ ಎತ್ತಿದ ಮಂಚ ತೊಳೆದಾಗಲೂ ಅವಳ ಮುಖ ಹಾಗೆ ಆಗಿರಲಿಲ್ಲ. ನನ್ನ ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು ಒತ್ತಿದಳು, ಕೆಳಗೆ, ಸ್ಟೂಲಿಗೆ.

"ಕೂತ್ಕೋ. ಬೆಲ್ ಹೊಡೆಯೋ ತನಕ ಎದ್ರೆ ಕಾಲು ಮುರೀತೀನಿ."

ಹೆಡ್ ಮೇಷ್ಟ್ರು ಮೈಮೇಲೆ ಬಂದವರ ಹಾಗೆ ಕೂಗಿದರು. ಪೊಲೀಸರನ್ನ ಕರೆಸ್ತೀನಿ ಅಂತ ಆಫೀಸಿಗೆ ಹೋದರು. ಆ ಸಂಜೆಯೊಳಗೆ ನನ್ನ ಹೆಸರನ್ನು ಕೌಶಲ ಸೆಕ್ಷನ್‌ನಿಂದಲೂ ಹೊಡೆದರು, ಅಮ್ಮನಿಗೆ ಗೇಟಿನ ಒಳಗೂ ಬಿಡಬೇಡಿ ಅಂದರು. ಅದೆಲ್ಲ ಆಮೇಲಿನ ಮಾತು. ಆಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಪಾಠ ಮಾಡಿ ಮೇಡಂ. ಮಕ್ಕಳ ಟೈಮ್ ಹಾಳಾಗ್ತಿದೆ," ಅಂದಳು.

ಮೇಡಂ ಏನು ಮಾಡ್ತಾರೆ? ನಮ್ಮ ಕಡೆ ಬೆನ್ನು ಮಾಡಿ ಬೋರ್ಡಿ​ನ ಮೇಲೆ ಬರೆಯೋಕೆ ಶುರುಮಾಡಿದರು. ಎರಡು ಸಲ ಚಾಕ್‌ಪೀಸು ಮುರೀತು. ಬರೀತಾ ಹೇಳಿದರು, ಹೇಳ್ತಾ ಬರೆದರು. ಗುಂಡು ಬರ್ಕೊಂಡಳು. ಎಲ್ಲರೂ ಬರ್ಕೊಂಡರು. ನಾನು ಕಣ್ಣು ಕೀಳದೆ ನೋಡಿದೆ, ಇದ್ದ ಬುದ್ಧಿಯನ್ನೆಲ್ಲ ಕಿವಿಗೆ ತಂದು ಕೇಳಿದೆ. ಒಂದು ಸಾಲೂ ತಿಳೀಲಿಲ್ಲ. ಅಕ್ಷರ ಗೊತ್ತು, ಅಂಕಿ ಗೊತ್ತು, ಅದರ ಅರ್ಥ ಏನು ಅಂತ ಗೊತ್ತಿಲ್ಲ. ಇದಕ್ಕೆ ಹಿಂದಿನದು ಯಾವುದೋ ಬೇಕು, ಆ ಹಿಂದಿನದನ್ನು ಹೇಳಿದಾಗ ನಾನು ಬಾಗಿಲ ಹೊರಗಿದ್ದೆ. ಮೇಡಂ ಹೇಳಿದ್ದು ನಿಜವೇ ಆಯ್ತಲ್ಲ, ಹಿಂದೆ ಬಿದ್ದಿದ್ದೆ. ಕಣ್ಣು ತುಂಬಿ ಬೋರ್ಡೂ ಕಾಣದ ಹಾಗಾಯ್ತು. ಬಾಗಿಲಲ್ಲಿ ಅಮ್ಮ ನನ್ನನ್ನೇ ನೋಡ್ತಿದ್ದಳು, ಮಗಳು ಸೈನ್ಸ್ ಕಲೀತಿದಾಳೆ ಅಂತ.

ಮೇಡಂ ತಿರುಗಿದರು. ಅಭ್ಯಾಸದ ಮೇಲೆ ಕೇಳಿಬಿಟ್ಟರು, "ಎಲ್ಲರಿಗೂ ಅರ್ಥ ಆಯ್ತಾ?"

"ಆಯ್ತು ಮೇಡಂ," ಅಂತ ಇಡೀ ಕ್ಲಾಸು.

ನಾನು ಕೈ ಎತ್ತಿದೆ.

"ನನಗೆ ಆಗ್ಲಿಲ್ಲ ಮೇಡಂ. ಮೊದಲಿಂದ ಹೇಳಿ."